ಟ್ರಂಕಿನ ತುಂಬ ಅಮ್ಮನ ಕಾಗದಗಳಿವೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹೆಂಚು ತೆಗೆದು ಮನೆ ರಿಪೇರಿ ಮಾಡಿಸುವಾಗ ಅಟ್ಟದ ಮೇಲಿದ್ದ ಅಮ್ಮನ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿದೆವು. ಅದರ ತುಂಬ ಕಾಗದಗಳು. ಅಜ್ಜ ಬರೆದ ಕಾರ್ಡುಗಳು, ಅಪ್ಪಯ್ಯ ಭದ್ರಾವತಿಯಲ್ಲಿ ಕೆಲಸದಲ್ಲಿದ್ದಾಗ ಬರೆದ ಇನ್‌ಲ್ಯಾಂಡ್ ಲೆಟರುಗಳು, ಮಿಲಿಟರಿಯಲ್ಲಿದ್ದ ಸೋದರಮಾವನ ಕಾಗದಗಳು, ಹುಬ್ಬಳ್ಳಿಯ ಚಿಕ್ಕಮ್ಮನವು. ಕೆಲವು ತಂತಿಗೆ ಚುಚ್ಚಿದ ಹಾಗೇ ಇವೆ. ಕೆಲವು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಅಪ್ಪಯ್ಯ ಈಗಿಲ್ಲ. ಅಮ್ಮನಿಗೆ ಎಂಬತ್ತು ದಾಟಿದೆ. ನೆನಪು ಚೆನ್ನಾಗಿದೆ, ಕಣ್ಣು ಮಾತ್ರ ಮಂಜು. ನಾಲ್ಕು ಕಾಗದ ಓದುವಷ್ಟರಲ್ಲಿ ನನಗೆ ಅಳು ಬಂತು. ಬೆಂಗಳೂರಿನಲ್ಲಿರುವ ಮಗ "ಎಲ್ಲ ಸ್ಕ್ಯಾನ್ ಮಾಡಿ ಬಿಸಾಕು, ಹುಳ ಹಿಡಿಯುತ್ತೆ" ಅನ್ನುತ್ತಾನೆ. ಇವನ್ನು ಹೇಗೆ ಉಳಿಸಿಕೊಳ್ಳಲಿ? ಮೊಬೈಲ್ ಬಂದ ಮೇಲೆ ಏನೋ ದೊಡ್ಡದನ್ನೇ ಕಳೆದುಕೊಂಡೆವು ಅನಿಸುತ್ತದೆ. ಇದು ಸುಮ್ನೆ ಹಳೆಯದರ ಹಂಬಲವಾ? ಈಗ ಮತ್ತೆ ಕಾಗದ ಬರೆಯಲು ಶುರು ಮಾಡಿದರೆ ಅರ್ಥವಿದೆಯಾ?

ಉತ್ತರ: ಬಿಸಾಕಬೇಡಿ. ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ನಿಧಾನವಾಗಿ.

ನಿಮ್ಮ ಮಗನಿಗೆ ಹುಳದ ಭಯ. ಆ ಭಯ ಸರಿಯಾದದ್ದೇ. ಆದರೆ ಹಳೆಯ ಕಾಗದಪತ್ರಗಳ ಕೆಲಸದಲ್ಲೇ ಇರುವ ನನಗೆ ನಿಮ್ಮ ಪ್ರಶ್ನೆಯಲ್ಲಿ ಎದ್ದು ಕಂಡದ್ದು ಬೇರೆ ಎರಡು ಮಾತು: ಅಮ್ಮನಿಗೆ ಎಂಬತ್ತು ದಾಟಿದೆ, ನೆನಪು ಚೆನ್ನಾಗಿದೆ. ಐವತ್ತು ಅರವತ್ತು ವರ್ಷ ಅಟ್ಟದ ಮೇಲೆ ಉಳಿದ ಕಾಗದಗಳು, ಸ್ವಲ್ಪ ಜೋಪಾನ ಮಾಡಿದರೆ ಇನ್ನೂ ಅಷ್ಟೇ ವರ್ಷ ಇರುತ್ತವೆ. ಅವುಗಳ ಅರ್ಥ ಗೊತ್ತಿರುವವರು ಅಷ್ಟು ಕಾಲ ಇರುವುದಿಲ್ಲ. ಮನೆಯ ಕಾಗದಗಳಲ್ಲಿ "ಮೇಲಿನ ಮನೆಯವರ ವಿಷಯ ನಿಮಗೆ ಗೊತ್ತಾಗಿರಬೇಕು" ಅನ್ನುವಂಥ ಸಾಲುಗಳು ತುಂಬಾ ಇರುತ್ತವೆ. ಯಾರು ಆ ಮೇಲಿನ ಮನೆಯವರು? ಏನು ವಿಷಯ? "ಪುಟ್ಟಿ ಮೊನ್ನೆ ಬಂದು ಹೋದಳು" ಅಂತ ಇದ್ದರೆ ಯಾವ ಪುಟ್ಟಿ? ಆ ತಲೆಮಾರಿನಲ್ಲಿ ಪ್ರತಿ ಮನೆಗೂ ಒಬ್ಬಳು ಪುಟ್ಟಿ ಇದ್ದಳು. ಇದನ್ನು ಹೇಳಬಲ್ಲವರು ಈಗ ಬಹುಶಃ ನಿಮ್ಮ ಅಮ್ಮ ಒಬ್ಬರೇ. ಹಾಗಾಗಿ ಸ್ಕ್ಯಾನರ್ ಹುಡುಕುವ ಮೊದಲು ಅಮ್ಮನ ಪಕ್ಕ ಕೂರಿ.

ಕೂರುವ ಮೊದಲು ಒಂದು ಮಾತು ಕೇಳಿ. ಟ್ರಂಕು ಅವರದು. ಕಾಗದಗಳೂ ಅವರಿಗೆ ಬಂದವು. "ಓದಲಾ ಅಮ್ಮ?" ಅಂತ ಕೇಳಿಯೇ ಓದಿ. ಗಂಡ ಹೆಂಡತಿಗೆ ಬರೆದ ಕಾಗದ ಮಕ್ಕಳಿಗಾಗಿ ಬರೆದದ್ದಲ್ಲ. ಅಮ್ಮ ಕೆಲವನ್ನು ಬೇರೆ ಇಡು ಅಂದರೆ ಬೇರೆ ಇಡಿ. ಕೆಲವನ್ನು ಸುಟ್ಟುಬಿಡು ಅಂದರೆ? ಸಂರಕ್ಷಣೆಯ ಕೆಲಸ ಮಾಡುವ ನನಗೆ ಸಂಕಟವಾಗುತ್ತದೆ, ಆದರೂ ಅವರ ಮಾತೇ ನಡೆಯಬೇಕು ಅಂತಲೇ ಹೇಳುತ್ತೇನೆ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕೇಳಿ ನೋಡಿ, ಅಷ್ಟೇ.

ಅವರಿಗೆ ಕಣ್ಣು ಮಂಜಾದದ್ದು ಇಲ್ಲಿ ಒಂದು ರೀತಿಯಲ್ಲಿ ಅನುಕೂಲವೇ. ನೀವು ಜೋರಾಗಿ ಓದಲೇಬೇಕಾಗುತ್ತದೆ. ದಿನಕ್ಕೆ ಎರಡು ಕಾಗದ ಸಾಕು, ಮಧ್ಯಾಹ್ನದ ಹೊತ್ತು, ಅವರು ದಣಿಯದ ಹಾಗೆ. ಓದುವಾಗ ಮೊಬೈಲಿನ ವಾಯ್ಸ್ ರೆಕಾರ್ಡರ್ ಆನ್ ಇರಲಿ. ಮೊದಲು ಕಾಗದದ ಸಂಖ್ಯೆ ಹೇಳಿ, ಆಮೇಲೆ ಓದಿ, ಆಮೇಲೆ ಅವರು ಹೇಳುವುದನ್ನು ತಡೆಯದೆ ಕೇಳಿ. ಎರಡೇ ನಿಮಿಷದ ಕಾಗದಕ್ಕೆ ಅವರು ಅರ್ಧ ಗಂಟೆ ಮಾತಾಡಬಹುದು. ಆ ಅರ್ಧ ಗಂಟೆಯೇ ನಿಮ್ಮ ಆಸ್ತಿ. ನಾವು ಬೈಯುವ ಮೊಬೈಲು ಇಲ್ಲಿ ಎಷ್ಟು ಉಪಕಾರಕ್ಕೆ ಬರುತ್ತದೆ ನೋಡಿ.

ಕೇಳುವಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ಆ ಕಾಲದ ಕನ್ನಡ ಕಾಗದಕ್ಕೆ ಒಂದು ಕಟ್ಟುಪಾಡು ಇತ್ತು. ಮೇಲೆ ಶ್ರೀಕಾರ. "ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು" ಅಂತ ಶುರು. "ಉಭಯ ಕುಶಲೋಪರಿ ಸಾಂಪ್ರತ" ಅಥವಾ "ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ" ಅನ್ನುವ ಸಾಲು ಇದ್ದೇ ಇರುತ್ತಿತ್ತು. ಮನೆಯಲ್ಲಿ ಕ್ಷೇಮ ಇಲ್ಲದಿದ್ದರೂ ಕ್ಷೇಮ ಅಂತಲೇ ಬರೆಯುತ್ತಿದ್ದರು. ಕಾರ್ಡಿಗೆ ಮುಚ್ಚಳವಿಲ್ಲ, ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಪಕ್ಕದ ಮನೆಯವರ ತನಕ ಯಾರು ಬೇಕಾದರೂ ಓದಬಹುದಿತ್ತು. ಎಷ್ಟೋ ಮನೆಗಳಲ್ಲಿ ಸೊಸೆ ತವರಿಗೆ ಬರೆದ ಕಾಗದವನ್ನು ಹಿರಿಯರು ನೋಡಿಯೇ ಡಬ್ಬಿಗೆ ಹಾಕಿಸುತ್ತಿದ್ದರು. ಬಂದ ಕಾಗದವನ್ನು ಜಗಲಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದುವುದೂ ಇತ್ತು. ಇಷ್ಟು ಕಣ್ಣುಗಳ ಮಧ್ಯೆ ಒಬ್ಬ ಹೆಂಗಸು ತನ್ನ ಕಷ್ಟ ಹೇಗೆ ಬರೆಯಬೇಕು? ಹಾಗಾಗಿ "ಈ ಸಲ ಹಬ್ಬಕ್ಕೆ ಯಾರನ್ನಾದರೂ ಕಳಿಸಿಕೊಡಿ" ಅನ್ನುವ ಒಂದೇ ಸಾಲಿನಲ್ಲಿ ಎಲ್ಲವನ್ನೂ ತುಂಬಿಸಿಬಿಡುತ್ತಿದ್ದರು. ಚಿಕ್ಕಮ್ಮನ ಕಾಗದಗಳಲ್ಲಿ ಇಂಥ ಸಾಲು ಕಂಡರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ, "ಆಗ ಏನಾಗಿತ್ತು?" ಅಂತ ಅಮ್ಮನನ್ನು ಕೇಳಿ. ಉತ್ತರ ಕಾಗದದಲ್ಲಿ ಸಿಗುವುದಿಲ್ಲ.

ಟ್ರಂಕಿನಲ್ಲಿ ಇಲ್ಲದ ಕಾಗದಗಳ ಬಗ್ಗೆಯೂ ಕೇಳಿ. ಸಾವಿನ ಸುದ್ದಿ ತಂದ ಕಾರ್ಡನ್ನು ಎಷ್ಟೋ ಮನೆಗಳಲ್ಲಿ ಒಳಗೇ ತರುತ್ತಿರಲಿಲ್ಲ. ಹೊರಗೇ ಓದಿ ಹರಿದು ಹಾಕುತ್ತಿದ್ದರು. ಹಾಗಾಗಿ ಮದುವೆ, ನಾಮಕರಣ, ಬಸಿರು, ಬಾಣಂತನ ಎಲ್ಲ ಇರುವ ಟ್ರಂಕಿನಲ್ಲಿ ಸಾವು ಮಾತ್ರ ಇರುವುದಿಲ್ಲ. ನಾಲ್ಕು ವರ್ಷ ತಪ್ಪದೆ ಬರೆದವರ ಕಾಗದ ಇದ್ದಕ್ಕಿದ್ದ ಹಾಗೆ ನಿಂತುಹೋಗಿದ್ದರೆ ಅದೇ ಒಂದು ಸುದ್ದಿ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ನಿಮ್ಮ ಹತ್ತಿರ ಇರುವುದು ಬಂದ ಕಾಗದಗಳು ಮಾತ್ರ. ಅಮ್ಮ ಬರೆದ ಉತ್ತರಗಳು ಬೇರೆಯವರ ಮನೆಯಲ್ಲಿವೆ. ಅಂದರೆ ನೀವು ಕೇಳುತ್ತಿರುವುದು ಅರ್ಧ ಮಾತುಕತೆ. ಅದರಲ್ಲಿ ನಿಮ್ಮ ಅಮ್ಮನ ದನಿಯೇ ಇಲ್ಲ. ಇದಕ್ಕೇನು ಮಾಡಬಹುದು ಅಂತ ಕೊನೆಗೆ ಹೇಳುತ್ತೇನೆ.

ಈಗ ಇಸವಿ ಹುಡುಕುವ ಕೆಲಸ. ನಮ್ಮ ಜನ ತಾರೀಕು ಬರೆದು ಇಸವಿ ಬಿಡುತ್ತಿದ್ದರು, ಅಥವಾ ಪಂಚಾಂಗದ ಲೆಕ್ಕ ಬರೆಯುತ್ತಿದ್ದರು. ಅಜ್ಜನ ಕಾರ್ಡಿನಲ್ಲಿ "ವಿಕಾರಿ ಸಂ. ಶ್ರಾವಣ ಶು. 5" ಅಂತಿದ್ದರೆ ಹೆದರಬೇಡಿ. ಸಂ. ಅಂದರೆ ಸಂವತ್ಸರ, ಶು. ಅಂದರೆ ಶುಕ್ಲಪಕ್ಷ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ವಿಕಾರಿ ಅಂದರೆ 1959–60, ಅದು ಬಿಟ್ಟರೆ 2019–20. ಅಜ್ಜನ ಕಾರ್ಡು ಯಾವುದಕ್ಕೆ ಸೇರಿದ್ದು ಅನ್ನುವುದರಲ್ಲಿ ಅನುಮಾನವಿಲ್ಲ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಆದ್ದರಿಂದ ಪುಷ್ಯ, ಮಾಘದ ಕಾಗದವಾದರೆ ಸಾಮಾನ್ಯವಾಗಿ ಮುಂದಿನ ಇಸವಿಗೆ ಹೋಗುತ್ತದೆ.

ಏನೂ ಬರೆದಿಲ್ಲ ಅನ್ನಿ. ಆಗ ಅಂಚೆ ಸೀಲು ನೋಡಿ. ಹಾಕಿದ ಊರಿನದೊಂದು, ಮುಟ್ಟಿದ ಊರಿನದೊಂದು, ಎರಡು ಸೀಲುಗಳು ಇರುವುದುಂಟು. ಎರಡರ ನಡುವಿನ ದಿನ ಲೆಕ್ಕ ಹಾಕಿದರೆ ಭದ್ರಾವತಿಯಿಂದ ನಿಮ್ಮ ಹಳ್ಳಿಗೆ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು ಅನ್ನುವುದೂ ಗೊತ್ತಾಗುತ್ತದೆ. ಸೀಲು ಮಸುಕಾಗಿದ್ದರೆ ಅಂಚೆಚೀಟಿ ನೋಡಿ. ಬೆಲೆ ಆಣೆಯಲ್ಲಿದ್ದರೆ ಅದು ಅಚ್ಚಾದದ್ದು 1957ರ ಏಪ್ರಿಲ್‌ಗಿಂತ ಮುಂಚೆ, ಏಕೆಂದರೆ ಆ ತಿಂಗಳು ದಶಮಾಂಶ ನಾಣ್ಯ ಬಂತು. "ನಯಾ ಪೈಸೆ" ಅಂತಿದ್ದರೆ 1957ರಿಂದ 1964ರ ಒಳಗಿನ ಅಚ್ಚು. 1971ರ ಕೊನೆಯಿಂದ 1973ರ ತನಕ ಕವರುಗಳ ಮೇಲೆ ಐದು ಪೈಸೆಯ ಇನ್ನೊಂದು ಚೀಟಿ ಅಂಟಿಸಬೇಕಿತ್ತು. ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂದ ನಿರಾಶ್ರಿತರ ಪರಿಹಾರಕ್ಕಾಗಿ ಆ ದುಡ್ಡು. ಅದು ಕಂಡರೆ ಇಸವಿ ಸಿಕ್ಕ ಹಾಗೆಯೇ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಹಿಂದಿನದು, ಆಮೇಲೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಇನ್‌ಲ್ಯಾಂಡ್ ಲೆಟರ್ ಶುರುವಾದದ್ದೇ 1950ರ ಅಕ್ಟೋಬರ್ 2ಕ್ಕೆ, ಹಾಗಾಗಿ ಅದಕ್ಕಿಂತ ಹಳೆಯ ಇನ್‌ಲ್ಯಾಂಡ್ ನಿಮ್ಮಲ್ಲಿ ಇರಲಾರದು. ಕಾರ್ಡು ಮಾತ್ರ ತುಂಬಾ ಹಳೆಯದು. ಈ ದೇಶದಲ್ಲಿ 1879ರಿಂದ ಇದೆ, ಆಗ ಬೆಲೆ ಕಾಲು ಆಣೆ.

ಮೊಮ್ಮಕ್ಕಳು ಯಾರಾದರೂ ರಜೆಗೆ ಬಂದರೆ ಈ ಕೆಲಸ ಅವರಿಗೇ ಕೊಡಿ. ಪತ್ತೇದಾರಿ ಕೆಲಸ, ಖಂಡಿತ ಹಿಡಿಸುತ್ತದೆ.

ವಿಳಾಸದ ಬಗ್ಗೆ ಸಾಗರದವರಾದ ನಿಮಗೆ ವಿಶೇಷವಾಗಿ ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳು ನೀರಿನಡಿ ಹೋದವು. ಅದಕ್ಕಿಂತ ಹಿಂದಿನ ಕಾಗದಗಳಲ್ಲಿ ಮುಳುಗಡೆಯಾದ ಊರಿನ ಹೆಸರು ಇದೆಯಾ ಅಂತ ಗಮನವಿಟ್ಟು ನೋಡಿ. ಇದ್ದರೆ ಆ ಕವರನ್ನು, ಆ ವಿಳಾಸವನ್ನು ಕಾಗದದಷ್ಟೇ ಜೋಪಾನ ಮಾಡಿ. ಆ ಊರಿನಲ್ಲಿ ಒಂದು ಮನೆ ಇತ್ತು, ಅಲ್ಲಿಗೆ ಅಂಚೆ ಹೋಗುತ್ತಿತ್ತು ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವುದು ಸಾಕ್ಷಿ. ಎಲ್ಲರ ಮನೆಯಲ್ಲೂ ಇದು ಉಳಿದಿರುವುದಿಲ್ಲ. ಮನೆ ಬಿಟ್ಟು ಗಾಡಿಯಲ್ಲಿ ಪಾತ್ರೆಪಗಡೆ ಹೇರಿಕೊಂಡು ಹೊರಟವರು ಕಾಗದದ ಗಂಟು ತಂದರೋ ಇಲ್ಲವೋ.

ಸೋದರಮಾವನ ಕಾಗದಗಳಲ್ಲಿ ಊರಿನ ಹೆಸರೇ ಇಲ್ಲದಿರಬಹುದು. ಪಡೆಯ ಹೆಸರು, ಆಮೇಲೆ "56 ಎ.ಪಿ.ಒ." ಅಥವಾ "99 ಎ.ಪಿ.ಒ." ಅಂತ ಇರುತ್ತದೆ. ಎ.ಪಿ.ಒ. ಅಂದರೆ ಸೇನೆಯ ಅಂಚೆ ಕಚೇರಿ. ಸೈನಿಕ ಎಲ್ಲಿದ್ದಾನೆ ಅಂತ ಹೊರಗೆ ಗೊತ್ತಾಗಬಾರದು ಅಂತ ಮಾಡಿದ ವ್ಯವಸ್ಥೆ ಅದು. ಹಾಗಾಗಿ ಅಲ್ಲಿ ತಾರೀಕು ತುಂಬಾ ಮುಖ್ಯ. 1962, 1965, 1971ರ ಕಾಗದಗಳಿದ್ದರೆ ಅವನ್ನು ಬೇರೆಯಾಗಿ ಇಡಿ.

ವಿಷಯ ಸಣ್ಣದು ಅಂತ ಯಾವುದನ್ನೂ ಕಡೆಗಣಿಸಬೇಡಿ. "ಮಳೆ ಹಿಡಿದು ಕೂತಿದೆ, ಎರಡನೇ ಸಲ ಔಷಧಿ ಹೊಡೆಸಲು ಆಗಲಿಲ್ಲ, ಅರ್ಧ ತೋಟಕ್ಕೆ ಕೊಳೆರೋಗ ಬಂದಿದೆ" ಅಂತ ಅಜ್ಜ ಬರೆದಿದ್ದರೆ ಅದು ಒಂದು ಮಳೆಗಾಲದ ದಾಖಲೆ. ಅಡಿಕೆ ಧಾರಣೆ, ಆಳಿನ ಕೂಲಿ, ದನ ಕರು ಹಾಕಿದ್ದು, ಬಸ್ಸು ಶುರುವಾದದ್ದು, ಊರಿಗೆ ಕರೆಂಟು ಬಂದದ್ದು, ಇವೆಲ್ಲ ಯಾವ ಪುಸ್ತಕದಲ್ಲೂ ನಿಮ್ಮ ಊರಿನ ಹೆಸರಿನಲ್ಲಿ ಸಿಗುವುದಿಲ್ಲ. ಮನಿಯಾರ್ಡರ್ ಫಾರಂನ ತುದಿಯ ಸಣ್ಣ ತುಂಡುಗಳೂ ಇರಬಹುದು. ದುಡ್ಡಿನ ಜೊತೆ ಎರಡು ಮಾತು ಬರೆಯಲು ಅದರಲ್ಲಿ ಜಾಗ ಇರುತ್ತಿತ್ತು, ಪೋಸ್ಟ್‌ಮ್ಯಾನ್ ಅದನ್ನು ಹರಿದು ಕೊಟ್ಟು ಹೋಗುತ್ತಿದ್ದರು. ಭದ್ರಾವತಿಯಿಂದ ಎಷ್ಟು ದುಡ್ಡು ಬರುತ್ತಿತ್ತು, ಯಾವುದಕ್ಕೆ ಬರುತ್ತಿತ್ತು ಅನ್ನುವುದು ಅದರಲ್ಲಿರುತ್ತದೆ.

ಇನ್ನು ಕಾಪಾಡುವ ವಿಚಾರ. ಮಳೆಗಾಲದಲ್ಲಿ ಗಂಟು ಬಿಚ್ಚಬೇಡಿ. ಮಲೆನಾಡಿನ ಆಷಾಢ ಶ್ರಾವಣದಲ್ಲಿ ಕಾಗದ ಗಾಳಿಯಿಂದಲೇ ನೀರು ಕುಡಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಗಾಳಿ ಒಣಗಿರುತ್ತದೆ, ಆಗ ಶುರು ಮಾಡಿ. ಅಮ್ಮನ ಜೊತೆ ಓದುವುದಕ್ಕೆ ಮಾತ್ರ ಅಷ್ಟು ಕಾಯಬೇಡಿ. ಚೆನ್ನಾಗಿರುವ ಕಾಗದಗಳನ್ನು ಇವತ್ತೇ ಓದಬಹುದು.

ತಂತಿಯಲ್ಲಿರುವ ಕಾಗದಗಳ ಕ್ರಮ ಕೆಡಿಸಬೇಡಿ. ಬಂದ ಹಾಗೆ ಚುಚ್ಚುತ್ತಾ ಹೋದದ್ದರಿಂದ ಅಡಿಯಲ್ಲಿರುವುದು ಹಳೆಯದು, ಮೇಲಿನದು ಹೊಸದು. ಇಸವಿ ಇಲ್ಲದ ಕಾಗದಕ್ಕೆ ಹಿಂದಿನದು ಮುಂದಿನದು ನೋಡಿದರೆ ಕಾಲ ಗೊತ್ತಾಗುತ್ತದೆ. ಮೊದಲು ಹಾಗೇ ಒಂದು ಫೋಟೊ ತೆಗೆಯಿರಿ. ಆಮೇಲೆ ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ತಂತಿ ತುಕ್ಕು ಹಿಡಿದು ಬಿಡದಿದ್ದರೆ ಕಾಗದ ಎಳೆಯಬೇಡಿ, ತಂತಿಯನ್ನೇ ಕತ್ತರಿಸಿ. ತೆಗೆದ ಕೂಡಲೇ ಹಿಂಬದಿಯ ಖಾಲಿ ಮೂಲೆಯಲ್ಲಿ ಪೆನ್ಸಿಲ್‌ನಿಂದ ಹಗುರವಾಗಿ ಸಂಖ್ಯೆ ಹಾಕಿ. ಪೆನ್ನು ಬೇಡ. ಗುಂಡುಸೂಜಿ, ರಬ್ಬರ್ ಬ್ಯಾಂಡ್ ಇದ್ದರೆ ತೆಗೆದುಬಿಡಿ. ಸೂಜಿ ತುಕ್ಕಾಗಿ ಕಾಗದ ತಿನ್ನುತ್ತದೆ, ರಬ್ಬರ್ ಕರಗಿ ಅಂಟಿಕೊಳ್ಳುತ್ತದೆ.

ಅಂಟಿಕೊಂಡಿರುವ ಕಾಗದಗಳನ್ನು ಬಿಡಿಸಲು ಹೋಗಬೇಡಿ. ಆವಿ ಹಿಡಿಯುವುದು, ನೀರು ಚಿಮುಕಿಸುವುದು, ಇಸ್ತ್ರಿ ಹಾಕುವುದು ಯಾವುದೂ ಬೇಡ. ಹಿಂದೆ ಬಳಸುತ್ತಿದ್ದ ನೀಲಿ ಇಂಕು ನೀರು ತಾಗಿದರೆ ಹರಿದುಹೋಗುತ್ತದೆ. ಮಾಮೂಲಿ ಪೆನ್ಸಿಲ್‌ನಲ್ಲಿ ಬರೆದ ಹಾಗೆ ಕಾಣುವ ಕೆಲವು ಕಾರ್ಡುಗಳು ಕಾಪಿಯಿಂಗ್ ಪೆನ್ಸಿಲ್‌ನವು. ಒಂದು ಹನಿ ನೀರು ಬಿದ್ದರೆ ಅಕ್ಷರ ನೇರಳೆಯಾಗಿ ಹರಡಿಬಿಡುತ್ತದೆ. ಅಂಥ ಗಂಟನ್ನು ಹಾಗೇ ಒಣ ಜಾಗದಲ್ಲಿ, ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಒಣಗಿಸಿ. ಬೂಷ್ಟು ಹಿಡಿದಿದ್ದರೆ ಬಾಯಿ ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ, ಮೆತ್ತನೆ ಬ್ರಷ್‌ನಿಂದ ಕೊಡವಿ. ಅಮ್ಮನ ಹತ್ತಿರ ತರಬೇಡಿ. ಆಮೇಲೂ ಬಿಡದಿದ್ದರೆ ತಿಳಿದವರ ಕೈಗೆ ಕೊಡಿ. ಬೆಂಗಳೂರಿನಲ್ಲಿ, ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ನಿಮ್ಮ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ಕಾಪಾಡಿಟ್ಟಿದ್ದಾರೆ, ಒಮ್ಮೆ ಹೋಗಿ ನೋಡಿ ಬನ್ನಿ.

ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ಅಕ್ಕರೆಯಿಂದಲೇ ಮಾಡಿಸುತ್ತಾರೆ, ಆದರೆ ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದ ಕಾಗದವನ್ನು ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ. ಸೆಲ್ಲೋ ಟೇಪೂ ಅಷ್ಟೇ, ಕೆಲವೇ ವರ್ಷಕ್ಕೆ ಹಳದಿಯಾಗಿ ಅಕ್ಷರದ ಮೇಲೆ ಕಲೆ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಪಿ.ವಿ.ಸಿ. ಫೋಲ್ಡರಿಗೆ ಅಕ್ಷರ ಅಂಟಿಕೊಳ್ಳುತ್ತದೆ. ಆಮ್ಲವಿಲ್ಲದ ಕಾಗದದ ಕವರು ಆನ್‌ಲೈನ್‌ನಲ್ಲಿ ಸಿಗುತ್ತದೆ, ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಿಂದಿನವರು ಓಲೆಗರಿಗೆ ಮಾಡುತ್ತಿದ್ದ ಹಾಗೆ, ಚೆನ್ನಾಗಿ ಒಗೆದು ಒಣಗಿಸಿದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಗಂಜಿಗೆ ಹುಳ ಬರುತ್ತದೆ. ಟ್ರಂಕನ್ನೇ ಬಳಸುವುದಾದರೆ ಕಾಗದ ಕಬ್ಬಿಣಕ್ಕೆ ತಾಗದ ಹಾಗೆ ಬಟ್ಟೆ ಹಾಸಿ, ನೆಲದಿಂದ ಎತ್ತರದಲ್ಲಿ, ಮಳೆ ಹೊಡೆಯುವ ಗೋಡೆಯಿಂದ ದೂರ ಇಡಿ. ನುಸಿಗುಳಿಗೆಯ ವಾಸನೆ ವಯಸ್ಸಾದವರಿಗೆ ಒಳ್ಳೆಯದಲ್ಲ, ಅದನ್ನು ಬಿಡಿ. ಹಸಿ ಬೇವಿನ ಸೊಪ್ಪು ತೇವ ತರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಾಯಿಸಿ. ಎಲ್ಲಕ್ಕಿಂತ ಮುಖ್ಯ, ವರ್ಷಕ್ಕೆ ಎರಡು ಸಲ ತೆಗೆದು ನೋಡಿ. ಗೆದ್ದಲು ಬರುವುದು ಯಾರೂ ಮುಟ್ಟದ ಪೆಟ್ಟಿಗೆಗೆ.

ನಿಮ್ಮ ಮಗನ ಸ್ಕ್ಯಾನ್ ಸಲಹೆಯ ಮೊದಲರ್ಧ ತುಂಬಾ ಸರಿ, ಅವರನ್ನೇ ಆ ಕೆಲಸಕ್ಕೆ ಹಚ್ಚಿ. ಸ್ಕ್ಯಾನರ್ ಇದ್ದರೆ 300 ಡಿಪಿಐಗಿಂತ ಕಡಿಮೆ ಬೇಡ, ಅಕ್ಷರ ಸಣ್ಣದಿದ್ದರೆ 600. ಮೊಬೈಲಿನಲ್ಲಾದರೆ ಕಿಟಕಿಯ ಪಕ್ಕ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ. ವಿಳಾಸದ ಬದಿಯನ್ನೂ ತೆಗೆಯಿರಿ. ಇನ್‌ಲ್ಯಾಂಡಿನ ಮಡಿಕೆಯ ಮೇಲೆ, ಅಂಚಿನಲ್ಲಿ, ತಲೆಕೆಳಗಾಗಿ ಬರೆದ ಸಾಲುಗಳನ್ನು ಮರೆಯಬೇಡಿ. ಜಾಗ ಮುಗಿದ ಮೇಲೆ ನೆನಪಾದ ಮಾತುಗಳು ಅವು, ಎಷ್ಟೋ ಸಲ ಅಸಲು ವಿಷಯ ಇರುವುದೇ ಅಲ್ಲಿ. ಫೈಲಿಗೆ ಇಸವಿ, ತಿಂಗಳು, ಬರೆದವರು ಯಾರು ಅನ್ನುವ ಕ್ರಮದಲ್ಲಿ ಹೆಸರಿಡಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಟೈಪ್ ಮಾಡುವುದಾದರೆ ಕಾಗುಣಿತ ತಿದ್ದಬೇಡಿ. ಗ್ರಾಂಥಿಕ ಕನ್ನಡದಲ್ಲಿ ಶುರುವಾದ ಕಾಗದ ಕೋಪ ಬಂದಾಗಲೋ ಅಕ್ಕರೆ ಉಕ್ಕಿದಾಗಲೋ ಮನೆಮಾತಿಗೆ ಜಾರುತ್ತದೆ. ತಿದ್ದಿದರೆ ಅದೇ ಹೋಗಿಬಿಡುತ್ತದೆ.

ಸ್ಕ್ಯಾನ್ ಆದ ಮೇಲೆ ಬಿಸಾಕಬಾರದು ಏಕೆ? ಫೋಟೊ ಒಂದು ಪ್ರತಿ, ಅಷ್ಟೇ. ಹಾರ್ಡ್ ಡಿಸ್ಕ್ ಕೆಡುತ್ತದೆ, ಅಕೌಂಟಿನ ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿರುತ್ತದೆ. ಅಟ್ಟದ ಮೇಲಿನ ಕಾಗದ ಯಾವ ಪಾಸ್‌ವರ್ಡೂ ಇಲ್ಲದೆ ನಿಮ್ಮ ಕೈಗೆ ಬಂತು. ಹಾಗಂತ ಎಲ್ಲವನ್ನೂ ಇಡಲೇಬೇಕು ಅಂತಿಲ್ಲ. ಒಂದೇ ಮದುವೆಯ ಐದು ಕರೆಯೋಲೆ ಇದ್ದರೆ ಒಂದು ಸಾಕು.

ಇವನ್ನು ಫೇಸ್‌ಬುಕ್ಕಿನಲ್ಲಿ ಹಾಕುವ ಯೋಚನೆ ಬಂದರೆ ಒಂದು ಕಾನೂನಿನ ಮಾತು. ಕಾಗದದ ಹಾಳೆ ಪಡೆದವರ ಸ್ವತ್ತು, ಅದರಲ್ಲಿನ ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಅಪ್ಪಯ್ಯನ ಕಾಗದಕ್ಕೆ ಅಮ್ಮ, ಒಡಹುಟ್ಟಿದವರು ಒಪ್ಪಬೇಕು. ಚಿಕ್ಕಮ್ಮನದಕ್ಕೆ ಅವರನ್ನೋ ಅವರ ಮಕ್ಕಳನ್ನೋ ಕೇಳಬೇಕು.

ಈಗ ನಿಮ್ಮ ಮನಸ್ಸಿನ ಪ್ರಶ್ನೆಗೆ ಬರೋಣ. ಇದು ಸುಮ್ನೆ ಹಂಬಲವಾ? ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಮಗು ಹುಟ್ಟಿದ್ದು ಅಪ್ಪನಿಗೆ ವಾರ ಕಳೆದು ಗೊತ್ತಾಗುತ್ತಿತ್ತು. ಟೆಲಿಗ್ರಾಂ ಬಂತು ಅಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. 2013ರ ಜುಲೈಯಲ್ಲಿ ಆ ಸೇವೆ ನಿಂತಾಗ ಬೇಸರಪಟ್ಟವರಲ್ಲೂ ಎಷ್ಟೋ ಜನ ಅದನ್ನು ಕಂಡು ನಡುಗಿದವರೇ. ಇವತ್ತು ನಿಮ್ಮ ಅಮ್ಮ ಮೊಮ್ಮಕ್ಕಳ ಮುಖ ನೋಡಿ ಮಾತಾಡುತ್ತಾರೆ. ಓದು ಬರಹ ಬಾರದ ಅಜ್ಜಿಯೂ ಯಾರ ಹಂಗಿಲ್ಲದೆ ಮಗಳ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾಳೆ. ಇದು ಸಣ್ಣ ಲಾಭವಲ್ಲ.

ಕಾಗದವನ್ನು ಮೊಬೈಲೇ ಕೊಂದಿತು ಅನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ಊರುಗಳಲ್ಲಿ ಅದು ಮೊದಲು ಕಡಿಮೆಯಾದದ್ದು ಎಸ್‌ಟಿಡಿ ಬೂತುಗಳು ಬಂದಾಗ. ರಾತ್ರಿ ರೇಟು ಕಡಿಮೆ ಅಂತ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದದ್ದು ನಿಮಗೂ ನೆನಪಿರಬೇಕು. ಈ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರಲ್ಲಿ. 2003ರ ತನಕ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಮೊಬೈಲು ಎಲ್ಲರ ಕೈಗೆ ಬರುವ ಹೊತ್ತಿಗೆ ನಿಮ್ಮ ಟ್ರಂಕಿಗೆ ಹೊಸ ಕಾಗದ ಬೀಳುವುದು ಬಹುಶಃ ನಿಂತೇಹೋಗಿತ್ತು. ಕೊನೆಯ ಕಾಗದದ ಇಸವಿ ನೋಡಿ, ಗೊತ್ತಾಗುತ್ತದೆ.

ಹಾಗಾದರೆ ಕಳೆದುಕೊಂಡದ್ದು ಏನು? ನನ್ನ ಪ್ರಕಾರ ಪ್ರೀತಿಯನ್ನಲ್ಲ, ಮಾತನ್ನೂ ಅಲ್ಲ. ಮಾತು ಮೊದಲಿಗಿಂತ ಜಾಸ್ತಿಯೇ ಆಗಿದೆ. ಅದರಲ್ಲಿ ಉಳಿಯುವುದು ಕಡಿಮೆಯಾಗಿದೆ. ಕಾಗದವನ್ನು ಯಾರೂ ಮುಂದಿನವರು ಓದಲಿ ಅಂತ ಬರೆಯಲಿಲ್ಲ. ಆದರೂ ಬರೆಯುವ ಕೆಲಸದಲ್ಲೇ ಉಳಿಯುವ ಗುಣ ಇತ್ತು. ಯಾರೂ ಪ್ರಯತ್ನಪಡದೆ ಟ್ರಂಕು ತುಂಬಿತು. ಫೋನಿನಲ್ಲಿ ದಿನಾ ಆಡಿದ ಮಾತು ಇಟ್ಟ ಕೂಡಲೇ ಹೋಯಿತು. ವಾಟ್ಸ್‌ಆಪ್‌ನಲ್ಲಿ ಬರೆದದ್ದು ಫೋನ್ ಬದಲಾಯಿಸುವಾಗ ಹೋಯಿತು. ನಿಮಗೆ ಅಳು ಬಂದದ್ದು ಅಪ್ಪಯ್ಯನ ಕೈಬರಹ ಕಂಡು, ಅಲ್ವಾ? ನಿಮ್ಮ ಮಗನಿಗೆ ನಿಮ್ಮ ಕೈಬರಹ ಕಾಣಲು ಎಲ್ಲಿದೆ ಅಂತ ಯೋಚಿಸಿ ನೋಡಿ. ಹಾಗಾಗಿ ನಿಮ್ಮ ಹಂಬಲದಲ್ಲಿ ನಿಜ ಇದೆ, ಅದನ್ನು ಹಳೇ ಕಾಲದ ಮೋಹ ಅಂತ ತಳ್ಳಿಹಾಕಬೇಡಿ. ವಾಟ್ಸ್‌ಆಪ್‌ನಲ್ಲಿ ಒಂದು ಮಾತುಕತೆಯನ್ನು ಹೊರತೆಗೆದು ಫೈಲ್ ಮಾಡಿಟ್ಟುಕೊಳ್ಳುವ ಸೌಲಭ್ಯವಿದೆ. ಮಗನಿಂದ ಅದನ್ನೂ ಮಾಡಿಸಿಕೊಳ್ಳಿ.

ಕಾಗದ ಬರೆಯಲು ಖಂಡಿತ ಶುರು ಮಾಡಿ. ಖರ್ಚು ಎಷ್ಟು ಅಂತೀರಿ, ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ, 20 ಗ್ರಾಂ ತನಕದ ಕವರಿಗೆ 5 ರೂಪಾಯಿ. ಸಣ್ಣ ಅಂಚೆ ಕಚೇರಿಯಲ್ಲಿ ಕಾರ್ಡು ಮುಗಿದಿರಬಹುದು, ಕೇಳಿದರೆ ತರಿಸಿಕೊಡುತ್ತಾರೆ. ಮನೆಯ ಮಕ್ಕಳಿಗೆ ರುಚಿ ಹತ್ತಿಸಬೇಕಾದರೆ ಅಂಚೆ ಇಲಾಖೆ 2017ರಿಂದ "ಢಾಯಿ ಆಖರ್" ಅನ್ನುವ ಕಾಗದ ಬರೆಯುವ ಸ್ಪರ್ಧೆ ನಡೆಸುತ್ತಿದೆ. ಕೈಯಲ್ಲೇ ಬರೆಯಬೇಕು. ಕನ್ನಡದಲ್ಲೂ ಬರೆಯಬಹುದು.

ಏನು ಬರೆಯುವುದು ಅನ್ನುವುದೇ ಈಗಿನ ಕಷ್ಟ. ಸುದ್ದಿ ಎಲ್ಲ ಫೋನಿನಲ್ಲೇ ಹೋಗಿರುತ್ತದೆ. ಸುದ್ದಿ ಬಿಡಿ. ಫೋನಿನಲ್ಲಿ ಹೇಳಲು ಹೋದರೆ "ಸರಿ ಅಮ್ಮ, ಆಮೇಲೆ ಮಾಡ್ತೀನಿ" ಅಂತ ಅರ್ಧಕ್ಕೆ ನಿಲ್ಲುವಂಥದ್ದನ್ನು ಬರೆಯಿರಿ. ಮಗ ಹುಟ್ಟಿದ ದಿನ ಹೇಗಿತ್ತು, ಅಪ್ಪಯ್ಯ ಭದ್ರಾವತಿ ಬಿಟ್ಟು ಊರಿಗೆ ಬಂದದ್ದು ಏಕೆ, ಆ ತೋಟ ಮಾರಲಿಲ್ಲ ಏಕೆ, ನಿಮ್ಮ ಅಪ್ಪೆಹುಳಿಗೆ ಯಾವ ಮರದ ಮಾವಿನಕಾಯಿ. ಉದ್ದ ಬೇಡ, ಒಂದು ಇನ್‌ಲ್ಯಾಂಡಿನಷ್ಟು ಸಾಕು. ನೀರಿಗೆ ಕರಗದ ಇಂಕಿನ ಪೆನ್ನು ಹಿಡಿಯಿರಿ. ತಾರೀಕಿನ ಜೊತೆ ಇಸವಿ ತಪ್ಪದೆ ಬರೆಯಿರಿ. ಮಗ ಉತ್ತರ ಬರೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅವನು ಎತ್ತಿಟ್ಟರೆ ಸಾಕು.

ಆದರೆ ಮೊದಲ ಕಾಗದ ಮಗನಿಗೆ ಬೇಡ, ಹುಬ್ಬಳ್ಳಿಗೆ ಬರೆಯಿರಿ. ಚಿಕ್ಕಮ್ಮ ಇದ್ದರೆ ಅವರಿಗೆ, ಇಲ್ಲದಿದ್ದರೆ ಅವರ ಮಕ್ಕಳಿಗೆ. ಅಮ್ಮ ಹೇಳಲಿ, ನೀವು ಬರೆದುಕೊಳ್ಳಿ. ಅಮ್ಮ ಬರೆದ ಕಾಗದಗಳು ಅಲ್ಲಿ ಯಾವುದಾದರೂ ಪೆಟ್ಟಿಗೆಯಲ್ಲಿ ಉಳಿದಿವೆಯಾ ಅಂತ ಕೇಳಿ. ನಿಮ್ಮಲ್ಲಿರುವ ಚಿಕ್ಕಮ್ಮನ ಕಾಗದಗಳ ಪ್ರತಿ ಅವರಿಗೆ ಕೊಡುತ್ತೇವೆ, ಅಲ್ಲಿರುವುದರ ಪ್ರತಿ ನಮಗೆ ಕೊಡಿ ಅನ್ನಿ. ಸೋದರಮಾವನ ಮನೆಗೂ ಹೀಗೇ ಒಂದು ಬರೆಯಿರಿ. ಕೊನೆಯಲ್ಲಿ ಅಮ್ಮನ ಕೈಯಿಂದಲೇ ರುಜು ಹಾಕಿಸಿ, ಅಕ್ಷರ ಸೊಟ್ಟಗಾದರೂ ಅಡ್ಡಿಯಿಲ್ಲ. ಪಿನ್ ಕೋಡ್ ಸರಿಯಾಗಿ ಬರೆಯಿರಿ, ನಿಮ್ಮ ವಿಳಾಸ ಬರೆದ ಖಾಲಿ ಕಾರ್ಡೊಂದನ್ನು ಕವರಿನ ಒಳಗೇ ಇಡಿ. ಉತ್ತರ ಬೇಗ ಬರುತ್ತದೆ.